ಶನಿವಾರ ಆರು ಗಂಟೆಯ ಹಬೆ

ಸಿರ್ಕಾಳಿಗೆ ಅರವತ್ತೆಂಟು ತುಂಬಿದ ದಿನ ಮಗಳು ಟೂಲಿ ಹೊಸ ಫೋನು ತಂದುಕೊಟ್ಟಳು. ಕೇಕಿನ ಪಕ್ಕ ಇಟ್ಟ ಬಿಳಿ ಡಬ್ಬಿಯನ್ನು ಸಿರ್ಕಾ ಮೊದಲು ಚಾಕಲೇಟು ಅಂತಲೇ ತಿಳಿದಿದ್ದಳು. ಬಿಚ್ಚಿ, ಅಂಗೈ ಮೇಲಿಟ್ಟುಕೊಂಡು ತೂಗಿ ನೋಡಿದಳು.

"ಇದೇನೇ ಟೂಲಿ, ಇಷ್ಟು ತೆಳ್ಳಗೆ? ಒಣರೊಟ್ಟಿ ಇದ್ದ ಹಾಗಿದೆ."

"ಬಿದ್ದರೂ ಒಣರೊಟ್ಟಿ ಹಾಗೇ ಮುರಿಯುತ್ತೆ," ಅಂದ ಆಲ್ಪೋ, ಕಾಫಿ ಲೋಟದಿಂದ ತಲೆ ಎತ್ತದೆ.

"ಅಪ್ಪಾ, ಇವತ್ತು ಅಮ್ಮನ ಹುಟ್ಟುಹಬ್ಬ."

"ಅದಕ್ಕೇ ಮೆಲ್ಲಗೆ ಹೇಳಿದ್ದು."

ನಮ್ಮೂರಲ್ಲಿ ಫೋನು ಅಂದರೆ ಬರೀ ಫೋನಲ್ಲ. ಫಿನ್ಲೆಂಡಿನ ಈ ಮೂಲೆಯ ಅರ್ಧ ಊರು ಅದನ್ನು ಮಾಡಿಯೇ ಉಂಡಿತ್ತು, ಮನೆ ಕೊಂಡಿತ್ತು, ಮಕ್ಕಳಿಗೆ ಹಲ್ಲು ಕಟ್ಟಿಸಿತ್ತು. ಆಲ್ಪೋ ಇಪ್ಪತ್ತೆರಡು ವರ್ಷ ಅದೇ ಕಾರ್ಖಾನೆಯಲ್ಲಿ ಗುಂಡಿ ಒತ್ತಿ ನೋಡುವ ವಿಭಾಗದಲ್ಲಿದ್ದ. ಒಣ ಬೆರಳಲ್ಲಿ ಒತ್ತಬೇಕು, ಒದ್ದೆ ಬೆರಳಲ್ಲಿ ಒತ್ತಬೇಕು, ಉಣ್ಣೆಯ ಕೈಗವಸು ತೊಟ್ಟು ಒತ್ತಬೇಕು. ಮೂರಕ್ಕೂ ಮಾತು ಕೇಳಿದರೆ ಮಾತ್ರ ಫೋನು ಮುಂದಕ್ಕೆ. ಗುಂಡಿಗಳ ಕಾಲ ಮುಗಿಯಿತು, ಕಾರ್ಖಾನೆಗೆ ಬೀಗ ಬಿತ್ತು. ಅಲ್ಲಿ ತಯಾರಾದ ಕೊನೆಯ ಮಾದರಿಯದೊಂದು ಇವತ್ತಿಗೂ ಆಲ್ಪೋನ ಎದೆ ಜೇಬಲ್ಲೇ ಇದೆ.

"ಒದ್ದೆ ಬೆರಳಲ್ಲಿ ಒತ್ತಿ ನೋಡು ಅದನ್ನ," ಅಂದ ಹೆಂಡತಿಗೆ. "ಗಾಜು ಮಾತು ಕೇಳಲ್ಲ. ನಮ್ಮಲ್ಲಾಗಿದ್ದರೆ ಬುಟ್ಟಿಗೆ ಎಸೀತಿದ್ವಿ."

ಮೊಮ್ಮಗಳು ಪಿಹ್ಲಾಗೆ ಹದಿನಾರು. ಅವಳು ಕೇಕು ಅಗಿಯುತ್ತ, "ತಾತ, ನಿನ್ನ ಗುಂಡಿ ಫೋನು ನಂಗೆ ಕೊಡು. ನಮ್ಮ ಕ್ಲಾಸಲ್ಲಿ ಈಗ ಅದೇ ಫ್ಯಾಷನ್ನು," ಅಂದಳು.

"ಫ್ಯಾಷನ್ನಂತೆ," ಅಂದ ಆಲ್ಪೋ. ಕೈ ಮಾತ್ರ ತಾನಾಗಿ ಎದೆ ಜೇಬಿನ ಮೇಲೆ ಹೋಗಿ ಕೂತಿತು.

ಮೂರು ಕೋಣೆಯ ಮನೆ ಅದು. ಗಂಡನನ್ನು ಬಿಟ್ಟಮೇಲೆ ಟೂಲಿ ಮಗಳನ್ನು ಕರೆದುಕೊಂಡು ಬಂದು ಇಲ್ಲೇ ಉಳಿದಿದ್ದಳು. ಮನೆಮನೆಗೆ ಹೋಗಿ ವಯಸ್ಸಾದವರಿಗೆ ಮಾತ್ರೆ ಕೊಟ್ಟು, ಕಾಲುಚೀಲ ಹಾಕಿ ಬರುವ ಕೆಲಸ ಅವಳದು. ಯಾರ ಮನೆಯಲ್ಲಿ ಎಷ್ಟು ಹೊತ್ತು ನಿಂತಳು ಅಂತ ಅವಳ ಕೆಲಸದ ಫೋನು ಲೆಕ್ಕ ಇಡುತ್ತಿತ್ತು. ಮನೆಗೆ ಬಂದರೆ ಅದನ್ನು ಚಪ್ಪಲಿ ಗೂಡಿನಲ್ಲಿ ತುರುಕಿಬಿಡುತ್ತಿದ್ದಳು. ಅಮ್ಮ ಇಷ್ಟು ಸಂತೋಷಪಡುವುದನ್ನು ನೋಡಿ ಅವಳಿಗೇ ಸೋಜಿಗ.

ಸಿರ್ಕಾ ಆ ಫೋನನ್ನು ಹೊಸ ನೆರೆಯವಳ ಹಾಗೆ ಪರಿಚಯ ಮಾಡಿಕೊಂಡಳು. ಮಳೆ ಮೋಡ ಎಲ್ಲಿದೆ ಅಂತ ತೋರಿಸುವ ಆ್ಯಪ್ ಅವಳಿಗೆ ಮೊದಲು ಹಿಡಿಸಿತು. ಹೊಳೆ ಕಟ್ಟೆಯ ಮೇಲೆ ಜಮಖಾನ ತಿಕ್ಕಿ ಒಣಗಹಾಕಿದ ದಿನ ಅಕ್ಕಪಕ್ಕದ ಹೆಂಗಸರಿಗೆ, "ಅರ್ಧ ಗಂಟೆ ಇದೆ, ಮಡಚ್ಕೊಳ್ಳಿ," ಅಂದಳು. ಅರ್ಧ ಗಂಟೆಗೆ ಸರಿಯಾಗಿ ಹನಿ ಬಿತ್ತು. ಅವತ್ತಿನಿಂದ ಹೊಳೆ ಕಟ್ಟೆಯಲ್ಲಿ ಅವಳ ಮಾತಿಗೆ ಒಂದು ತೂಕ ಬಂತು. ಉತ್ತರದಲ್ಲಿರುವ ತಂಗಿಯ ಜೊತೆ ಪದ ಕಟ್ಟುವ ಆಟ ಆಡುತ್ತಿದ್ದಳು. ತಂಗಿ ಸೋತರೆ ಆಲೂಗಡ್ಡೆ ಸುಲಿಯುತ್ತ ಒಬ್ಬಳೇ ನಗುತ್ತಿದ್ದಳು. ಅಣಬೆ ಗುರುತಿಸುವ ಆ್ಯಪ್ ಜೊತೆ ಮಾತ್ರ ಜಗಳ. ಕಾಡಿಂದ ತಂದ ಹಾಲಣಬೆಯನ್ನು ತೋರಿಸಿದರೆ ಅದು ಕೆಂಪು ಗುರುತು ಹಾಕಿ "ತಿನ್ನಬೇಡಿ" ಅಂದಿತು.

"ಕುದಿಸಿ ನೀರು ಚೆಲ್ಲಿ ಉಪ್ಪಲ್ಲಿಟ್ಟು ಐವತ್ತು ಕ್ರಿಸ್‌ಮಸ್ ತಿಂದಿದ್ದೀನಿ ಕಣಯ್ಯ," ಅಂತ ಅದಕ್ಕೇ ಹೇಳಿದಳು. "ನಿನಗೆ ಅಡುಗೆ ಗೊತ್ತಿಲ್ಲ ಅಷ್ಟೆ."

ಎಲ್ಲಕ್ಕಿಂತ ಮೆಚ್ಚಿದ್ದು ಪತ್ರಿಕೆ ಓದಿ ಹೇಳುವ ಆ್ಯಪನ್ನು. ಅಲ್ಲಿಯ ತನಕ ಬೆಳಿಗ್ಗೆ ಪತ್ರಿಕೆ ಹಿಡಿಯುತ್ತಿದ್ದವನು ಆಲ್ಪೋ. ತನಗೆ ಬೇಕಾದ ಸುದ್ದಿ ಆರಿಸಿ ಗಟ್ಟಿಯಾಗಿ ಓದುತ್ತಿದ್ದ, ಸಿರ್ಕಾ ಗಂಜಿ ತಿರುವುತ್ತ ಹೂಂಗುಟ್ಟುತ್ತಿದ್ದಳು. ಈಗ ಅವಳ ಫೋನಿಂದ ಒಬ್ಬ ಹೆಣ್ಣುಮಗಳ ದನಿ ಬರುತ್ತಿತ್ತು. ಒಂದು ದಿನ ಆಲ್ಪೋ ಐಸ್ ಹಾಕಿ ಆಟದ ಸುದ್ದಿ ಓದುತ್ತಿದ್ದಾಗಲೇ ಆ ಹೆಣ್ಣುಮಗಳು ಒಲೆ ಪಕ್ಕದಲ್ಲಿ ಹೂಕುಂಡದ ಬಗ್ಗೆ ಹೇಳತೊಡಗಿದಳು.

"ಇಬ್ಬರಲ್ಲಿ ಒಬ್ಬರು ಬಾಯಿ ಮುಚ್ಚಬೇಕು," ಅಂದ ಆಲ್ಪೋ.

ಸಿರ್ಕಾ ಗಂಜಿ ತಿರುವುತ್ತ ಒಂದು ಕ್ಷಣ ಯೋಚಿಸಿದಳು. "ಹಾಗಾದ್ರೆ ನೀನೇ ಮುಚ್ಚು. ಅವಳು ಶುರು ಮಾಡಿದ್ದು ಈಗ ತಾನೆ."

ಪಿಹ್ಲಾ ನಕ್ಕಳು. ಆಲ್ಪೋ ನಗಲಿಲ್ಲ. ಪತ್ರಿಕೆ ಮಡಚಿ ತೊಡೆ ಕೆಳಗೆ ಇಟ್ಟುಕೊಂಡು ಗಂಜಿ ಉಂಡ.

ಸೆಪ್ಟೆಂಬರಿನಲ್ಲಿ ಕಟ್ಟಡದ ಕೆಳಬಾಗಿಲಿಗೆ ಮೇಲ್ವಿಚಾರಕನ ಸೂಚನೆ ಅಂಟಿತು. ನೆಲಮಾಳಿಗೆಯ ಸೌನಾದ, ಅಂದರೆ ಕಾದ ಕಲ್ಲಿಗೆ ನೀರು ಹಾಕಿ ಹಬೆಯಲ್ಲಿ ಕೂರುವ ಸ್ನಾನದ ಕೋಣೆಯ, ಸರದಿಗಳೆಲ್ಲ ಇನ್ನು ಆ್ಯಪ್‌ನಲ್ಲಿ. ಒಂದು ಮನೆಗೆ ವಾರಕ್ಕೆ ಒಂದೇ ಸರದಿ. ಹಳೆಯ ಸರದಿಯೇ ಬೇಕೆನ್ನುವವರು ತಿಂಗಳು ಮುಗಿಯುವುದರೊಳಗೆ ಅಲ್ಲಿ ಒತ್ತಿ ಖಚಿತಪಡಿಸಬೇಕು. ಇಲ್ಲದಿದ್ದರೆ ಅದು ಬೇರೆಯವರಿಗೆ.

ಸೌನಾ ಸರದಿ ಅಂದರೆ ನಮ್ಮ ಕಟ್ಟಡದಲ್ಲಿ ಆಸ್ತಿ ಇದ್ದ ಹಾಗೆ. ಗಂಡ ಹೆಂಡತಿ ಬೇರೆಯಾದಾಗ ಮನೆ ಯಾರಿಗೆ ಅನ್ನುವುದಕ್ಕಿಂತ ಮೊದಲು ಸರದಿ ಯಾರಿಗೆ ಅಂತ ಜಗಳವಾಗಿದೆ. ಯಾರಾದರೂ ಸತ್ತರೆ ಅವರ ಸರದಿ ಕೇಳಲು ಒಂದಷ್ಟು ದಿನ ನಾಚಿಕೆಪಡುತ್ತೇವೆ. ಅದರಲ್ಲೂ ಶನಿವಾರ ಸಂಜೆ ಆರು ಗಂಟೆ ಅಂದರೆ ಸರದಿಗಳಲ್ಲೇ ರಾಜ. ಅದು ಮೂವತ್ತು ವರ್ಷಕ್ಕೂ ಮೇಲಿನಿಂದ ಆಲ್ಪೋನದು. ಕಾರ್ಖಾನೆ ಮುಚ್ಚಿದ ವಾರವೂ ಅವನು ಹೋಗಿದ್ದ. ಆಮೇಲೆ ಅವನಿಗೆ ವಾರದಲ್ಲಿ ಇದ್ದದ್ದು ಅದೊಂದೇ: ಮಿಕ್ಕ ದಿನ ಕಿಟಕಿ, ಟಿವಿ, ಅಂಗಡಿ, ಶನಿವಾರ ಸಂಜೆ ಸೌನಾ, ಅದಾದಮೇಲೆ ಸಾಸಿವೆ ಹಚ್ಚಿದ ಸಾಸೇಜು, ಒಂದು ಬಿಯರು.

ಗುರುವಾರ ಬಟಾಣಿ ಸಾರಿನ ಮುಂದೆ ಟೂಲಿ ಮಾತು ತೆಗೆದಳು.

"ಅಪ್ಪಾ, ಸೂಚನೆ ನೋಡಿದ್ಯಾ? ಸರದಿ ಖಚಿತ ಮಾಡ್ಬೇಕಂತೆ."

"ನೋಡಿದೆ."

"ಮತ್ತೆ?"

"ಮತ್ತೆ ಏನು? ನನ್ನ ಸರದಿ ನನ್ನದೇ ಅಂತ ನಾನು ಯಾರಿಗೆ ಹೇಳ್ಬೇಕು? ಇಡೀ ಕಟ್ಟಡಕ್ಕೆ ಗೊತ್ತು."

"ಕಟ್ಟಡಕ್ಕೆ ಗೊತ್ತಿದ್ರೆ ಸಾಲ್ದು, ಆ್ಯಪ್‌ಗೆ ಗೊತ್ತಿರ್ಬೇಕು."

"ನನ್ನ ಹೊಟ್ಟೆಗೆ ಅನ್ನ ಹಾಕಿದ ಕಾರ್ಖಾನೆನ ಮುಚ್ಚಿಸಿದ್ದು ಈ ಗಾಜಿನ ತುಂಡು. ಈಗ ಮೈ ತೊಳ್ಕೊಳ್ಳೋಕೂ ಅದರ ಅಪ್ಪಣೆ ಕೇಳ್ಬೇಕಾ? ಈ ಮನೇಲಿ ಯಾರೂ ಒತ್ತಕೂಡದು."

"ಅಮ್ಮನ ಫೋನಲ್ಲಿ ಒಂದು ನಿಮಿಷದ ಕೆಲಸ."

"ಒತ್ತಕೂಡದು ಅಂದೆ. ಸಾಸಿವೆ ಈ ಕಡೆ ಕೊಡು."

ಪಾತ್ರೆ ತೊಳೆಯುವಾಗ ಟೂಲಿ ಅಮ್ಮನ ಕಿವಿಯಲ್ಲಿ ಹೇಳಿದಳು: "ಅವನ ಮಾತು ಬಿಡು. ನೀನೇ ಒತ್ತಿಬಿಡಮ್ಮ. ಇಲ್ದಿದ್ರೆ ಚಳಿಗಾಲ ಪೂರ್ತಿ ಅವನ ಮುಖ ನಾವೇ ನೋಡ್ಬೇಕು."

"ನೋಡ್ಕೋತೀನಿ," ಅಂದಳು ಸಿರ್ಕಾ.

ಆ ಮನೆಯಲ್ಲಿ ಯಾವಾಗಲೂ ಹಾಗೇ ನಡೆದಿತ್ತು. ಕಾರ್ಖಾನೆ ಮುಚ್ಚಿದಾಗ ಆಲ್ಪೋ, "ಭಿಕ್ಷೆಯ ಅರ್ಜಿಗೆ ನಾನು ಸಹಿ ಹಾಕಲ್ಲ," ಅಂದಿದ್ದ. ನಿರುದ್ಯೋಗ ಭತ್ಯೆಯ ಆ ಅರ್ಜಿಯನ್ನು ಸಿರ್ಕಾ ತುಂಬಿ, ಅವನ ಕೈಗೆ ಪೆನ್ನು ಕೊಟ್ಟು, "ಕರೆಂಟು ಮೀಟರ್ ಓದೋನ ಕಾಗದ, ಸಹಿ ಹಾಕು," ಅಂದಿದ್ದಳು. ಅವನಿಗೂ ಗೊತ್ತಿತ್ತು ಅದು ಮೀಟರಿನದಲ್ಲ ಅಂತ. ಅವನು ಬೇಡ ಅನ್ನುವುದು, ಅವಳು ಮಾಡಿಬಿಡುವುದು.

ತಿಂಗಳ ಕೊನೆಗೆ ಪಿಹ್ಲಾಗೆ ನೆಗಡಿ ಬಂದು ಶಾಲೆಗೆ ಹೋಗಿರಲಿಲ್ಲ. ಆಲ್ಪೋ ಅಂಗಡಿಗೆ ಹೋಗಿದ್ದ. ಸಿರ್ಕಾ ಕಾಫಿಗೆ ಇಟ್ಟು, ಕನ್ನಡಕ ಏರಿಸಿ, ಆ್ಯಪ್ ತೆಗೆದಳು.

"ಪಿಹ್ಲಾ, ಇದು ಏನೋ ಕೇಳ್ತಿದೆ ನೋಡು."

ಪಿಹ್ಲಾ ಕಂಬಳಿ ಹೊದ್ದುಕೊಂಡೇ ಬಂದು ಬಗ್ಗಿದಳು. "ಯಾವ ದಿನ ಬೇಕು, ಯಾವ ಹೊತ್ತು ಬೇಕು ಅಂತ."

"ಯಾವ ದಿನ ಅಂದ್ರೆ?"

"ನಿಂಗೆ ಇಷ್ಟ ಬಂದ ದಿನ ಅಜ್ಜಿ. ಹಸಿರು ಬಣ್ಣ ಇರೋದೆಲ್ಲ ಖಾಲಿ. ಹಳದಿ ಇರೋದು ನಿಮ್ಮ ಹಳೇ ಸರದಿ, ಒತ್ತಿದ್ರೆ ನಿಮಗೇ."

ಸಿರ್ಕಾ ಪರದೆಯನ್ನು ಮೇಲೆ ಕೆಳಗೆ ಸರಿಸಿದಳು. "ಗುರುವಾರ ಐದು ಗಂಟೆನೂ ಖಾಲಿ ಇದೆ ಅಲ್ವಾ?"

"ಇದೆ. ಗುರುವಾರ ಯಾರಿಗೆ ಬೇಕು? ಅವತ್ತು ಎಲ್ಲರ ಮನೇಲೂ ಬಟಾಣಿ ಸಾರು."

"ಸುಮ್ನೆ ಕೇಳಿದೆ. ಹೋಗಿ ಮಲಕ್ಕೋ, ಮೂಗು ಸೋರ್ತಿದೆ."

ಮೊಮ್ಮಗಳು ಹೋದಮೇಲೂ ಕಾಫಿ ಇಳಿದು ತಣ್ಣಗಾಗುವ ತನಕ ಅವಳು ಹಾಗೇ ಕೂತಿದ್ದಳು. ಆಮೇಲೆ ಒತ್ತಿದಳು. ಒತ್ತಿದ್ದು ಗುರುವಾರವನ್ನು.

ಅಕ್ಟೋಬರಿನ ಮೊದಲ ಶನಿವಾರ ಆಲ್ಪೋ ಎಂದಿನಂತೆ ನೀಲಿ ನಿಲುವಂಗಿ ತೊಟ್ಟ. ಬೇಸಿಗೆಯಲ್ಲಿ ಕಟ್ಟಿ ಫ್ರೀಜರಿನಲ್ಲಿಟ್ಟಿದ್ದ ಹಬೆಯಲ್ಲಿ ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟು ಒಂದು ಕೈಯಲ್ಲಿ, ಬಿಯರಿನ ಬಾಟಲಿ ಇನ್ನೊಂದರಲ್ಲಿ. ಅವನು ಮೊದಲು ಇಳಿಯುವುದು, ಸಿರ್ಕಾ ಸಾಸೇಜನ್ನು ಒಲೆಗಿಟ್ಟು ಹಿಂದೆ ಬರುವುದು ರೂಢಿ.

"ಸಿರ್ಕಾ, ಹೋಗ್ತಿದ್ದೀನಿ," ಅಂದ.

ಅವಳು ಸಾಸೇಜಿಗೆ ಗೀರು ಹಾಕುತ್ತಿದ್ದಳು. ಬಾಯಿ ತೆರೆದಳು. ಮತ್ತೆ ಮುಚ್ಚಿ ಇನ್ನೊಂದು ಸಾಸೇಜನ್ನು ಎತ್ತಿಕೊಂಡಳು.

ಕೆಳಗೆ ಬಟ್ಟೆ ಬಿಚ್ಚುವ ಕೋಣೆಯ ಬಾಗಿಲನ್ನು ಅವನು ತಟ್ಟದೆ ತೆರೆದ. ತನ್ನ ಮನೆಯ ಬಾಗಿಲನ್ನು ಯಾರು ತಟ್ಟುತ್ತಾರೆ? ಒಳಗೆ ಮೂರನೇ ಮಹಡಿಗೆ ಹೊಸದಾಗಿ ಬಂದ ಸಂಸಾರ ಇತ್ತು. ತಾಯಿ ಮಗುವಿನ ಡಯಪರ್ ಬಿಚ್ಚುತ್ತಿದ್ದಳು, ತಂದೆಯ ಮೈಮೇಲೆ ಏನೂ ಇರಲಿಲ್ಲ. ನಮ್ಮಲ್ಲಿ ಬೆತ್ತಲೆಗೆ ಯಾರೂ ನಾಚುವುದಿಲ್ಲ. ಆದರೆ ಇನ್ನೊಬ್ಬರ ಸರದಿಗೆ ನುಗ್ಗುವುದೆಂದರೆ ಇನ್ನೊಬ್ಬರ ತಟ್ಟೆಗೆ ಕೈ ಹಾಕಿದ ಹಾಗೆ. ತಂದೆ ಇನ್ನೂ ಹುಡುಗ, ಮಗುವಿನ ಟವೆಲು ಹಿಡಿದುಕೊಂಡೇ ಎದ್ದು ನಿಂತ.

"ಈ ಹೊತ್ತು... ನಮಗೆ ಸಿಕ್ತು," ಅಂದ. ಆಮೇಲೆ ಒಳ್ಳೆಯ ಮನಸ್ಸಿಂದಲೇ, "ಬನ್ನಿ, ಕೂತ್ಕೊಳ್ಳಿ. ಮೇಲಿನ ಹಲಗೇಲಿ ಜಾಗ ಇದೆ," ಅಂದ.

"ಈ ತಾತನೂ ನಮ್ಮ ಜೊತೆ ಬರ್ತಾರಾ?" ಅಂತ ದೊಡ್ಡ ಮಗು ಕೇಳಿತು.

ಆಲ್ಪೋ ಬಾಗಿಲು ಮುಚ್ಚಿ ಮೆಟ್ಟಿಲು ಹತ್ತಿದ. ಎರಡನೇ ಮಹಡಿಯ ಹೆಂಗಸು ಚೀಲ ಹಿಡಿದು ಎದುರಾದಳು. ಸೌನಾದಿಂದ ಬಂದವರನ್ನು ಕೇಳಲೇಬೇಕಾದ ಮಾತೊಂದಿದೆ, ಯಾರೇ ಆಗಲಿ ಕೇಳುತ್ತೇವೆ.

"ಏನು ಆಲ್ಪೋ, ಇಷ್ಟು ಬೇಗ? ಹಬೆ ಹೇಗಿತ್ತು?"

ಅವನು ಅವಳನ್ನು ದಾಟಿ ಮೇಲೆ ಹತ್ತಿದ. ಅವನ ಕೂದಲು ಒಣಗಿದ್ದು ಅವಳಿಗೆ ಆಮೇಲೆ ಹೊಳೆಯಿತು.

ಮನೆಗೆ ಬಂದವನು ಸೊಪ್ಪಿನ ಕಟ್ಟನ್ನು ಮೇಜಿನ ಮೇಲೆ ಎಸೆದ. ಕರಗುತ್ತಿದ್ದ ಮಂಜಿನ ನೀರು ಸಾಸಿವೆ ಬಟ್ಟಲಿನ ಕಡೆ ಹರಿಯಿತು.

"ಮೂರನೇ ಮಹಡಿಯವರು ಕೂತಿದ್ದಾರೆ. ನನ್ನ ಸೌನಾದಲ್ಲಿ. ನನಗೇ ಬನ್ನಿ ಅಂತ ಕರೀತಾರೆ. ಟೂಲಿ!"

ಟೂಲಿ ಕೋಣೆಯಿಂದ ಬಂದಳು. "ನನ್ನ ಮೇಲೆ ಯಾಕೆ ಕೂಗ್ತೀಯಪ್ಪ? ಅಮ್ಮ ಒತ್ತಿದ್ಲಲ್ಲ. ಅಮ್ಮಾ, ನೋಡ್ಕೋತೀನಿ ಅಂದ್ಯಲ್ಲ?"

"ಹೂಂ. ಅಂದಿದ್ದೆ."

"ಏನೋ ತಪ್ಪಾಗಿರ್ಬೇಕು. ಸೋಮವಾರ ಮೇಲ್ವಿಚಾರಕನಿಗೆ ಫೋನ್ ಮಾಡೋಣ."

"ತಪ್ಪೇನೂ ಆಗಿಲ್ಲ," ಅಂದಳು ಸಿರ್ಕಾ. ಚಾಕು ಕೆಳಗಿಟ್ಟು ಕೈ ಒರೆಸಿಕೊಂಡಳು. "ಶನಿವಾರ ನಾನು ಒತ್ತಲಿಲ್ಲ. ಗುರುವಾರ ಒತ್ತಿದೆ."

ಒಲೆಯಲ್ಲಿ ಒಂದು ಸಾಸೇಜು ಚಟ್ ಅಂತ ಬಾಯಿ ಬಿಟ್ಟಿತು.

"ನಾನು ಒತ್ತಬೇಡ ಅಂದಿದ್ದಕ್ಕಾ?" ಅಂದ ಆಲ್ಪೋ. ಅವನ ದನಿ ಇದ್ದಕ್ಕಿದ್ದಂತೆ ಇಳಿದಿತ್ತು. "ನಾನು ಬೇಡ ಅಂದಿದ್ದನ್ನೆಲ್ಲ ನೀನು ಯಾವಾಗ್ಲೂ ಹಿಂದಿನಿಂದ ಮಾಡಿಬಿಡ್ತಿದ್ದೆ. ಈ ಸಲ ಯಾಕೆ ನನ್ನ ಮಾತು ಕೇಳಿದೆ?"

"ನಿನ್ನ ಮಾತು ಕೇಳ್ಲಿಲ್ಲ. ನನ್ನ ಮಾತು ಕೇಳಿದೆ."

"ಅಮ್ಮಾ," ಅಂದಳು ಟೂಲಿ.

"ನೀನು ಸುಮ್ನಿರೇ. ಆಲ್ಪೋ, ಡಾಕ್ಟರು ನನಗೆ ಅಷ್ಟು ಬಿಸಿ ಬೇಡ ಅಂದು ಎಷ್ಟು ವರ್ಷ ಆಯ್ತು? ನಿನಗೆ ಹೇಳಿದೆ. ನೀನೇನಂದೆ?"

"ಕೆಳಗಿನ ಹಲಗೇಲಿ ಕೂತ್ಕೋ ಅಂದೆ. ಅದರಲ್ಲಿ ತಪ್ಪೇನಿದೆ?"

"ಕೂತೆ. ನೀನು ಮೇಲೆ ಕೂತು ಸೌಟು ಸೌಟು ನೀರು ಹಾಕೋದು, ನಾನು ಕೆಳಗೆ ಕೂತು ತಲೆ ಬಗ್ಗಿಸ್ಕೊಂಡು ಕಾರ್ಖಾನೆ ಕಥೆ ಕೇಳೋದು. ಆ ಮೇಸ್ತ್ರಿ ಏನಂದ, ನೀನೇನಂದೆ, ಬೀಗ ಹಾಕಿದ ದಿನ ಯಾರು ಅತ್ತರು. ಪ್ರತಿ ಶನಿವಾರ. ಅದೇ ಮೇಸ್ತ್ರಿ, ಅದೇ ಅಳು. ಅವನು ಸತ್ತೂ ಹೋದ ಆಲ್ಪೋ, ನಮ್ಮ ಸೌನಾದಲ್ಲಿ ಮಾತ್ರ ಇನ್ನೂ ಬದುಕಿದಾನೆ."

"ಬೇರೆಲ್ಲಿ ಹೇಳ್ಲಿ? ಯಾರಿಗೆ ಹೇಳ್ಲಿ?"

"ನಾನು ಶಾಲೆ ಅಡುಗೆಮನೇಲಿ ಅಷ್ಟು ವರ್ಷ ಹಂಡೆ ಎತ್ತಿದೆ. ಅಲ್ಲಿ ನನಗೇನಾಯ್ತು ಅಂತ ಒಂದು ಶನಿವಾರ ಕೇಳಿದ್ಯಾ?"

ಆಲ್ಪೋ ಸೊಪ್ಪಿನ ಕಟ್ಟನ್ನು ಸಾಸಿವೆ ಬಟ್ಟಲಿನಿಂದ ಆಚೆ ಸರಿಸಿದ.

"ಆ ಆ್ಯಪ್ ಕೇಳ್ತು. ನಿಮಗೆ ಯಾವ ದಿನ ಬೇಕು ಅಂತ. ಈ ಮನೇಲಿ ನನ್ನನ್ನ ಯಾರೂ ಕೇಳಿರ್ಲಿಲ್ಲ. ಏನು ಹೇಳ್ಬೇಕು ಅಂತಲೇ ಗೊತ್ತಾಗ್ಲಿಲ್ಲ ನನಗೆ. ಕಾಫಿ ಆರಿಹೋಯ್ತು."

"ಹೇಳ್ಬೋದಿತ್ತು," ಅಂದ ಆಲ್ಪೋ. "ನಾನು ನಿಲುವಂಗಿ ಹಾಕ್ಕೊಳ್ಳೋವಾಗ ನಿನ್ನ ಎದುರಿಗೇ ನಿಂತಿದ್ದೆ. ಆಗ ಹೇಳ್ಬೋದಿತ್ತು. ಸೊಪ್ಪು ಹಿಡ್ಕೊಂಡು ಹೋಗೋಕೆ ಬಿಟ್ಟೆಯಲ್ಲ."

ಸಿರ್ಕಾ ಬಟ್ಟೆ ತಂದು ಮೇಜಿನ ಮೇಲೆ ಹರಿದ ನೀರನ್ನು ಒರೆಸತೊಡಗಿದಳು. ಪಿಹ್ಲಾ ಬಾಗಿಲಲ್ಲಿ ನಿಂತಿದ್ದಳು. ಸಾಸೇಜು ಸೀದ ವಾಸನೆ ಬಂದಮೇಲೆ ಅವಳೇ ಹೋಗಿ ಒಲೆ ಆರಿಸಿದಳು.

ಟೂಲಿ ಸರಿಮಾಡಲು ನೋಡಿದಳು. ಮೂರನೇ ಮಹಡಿಗೆ ಹೋಗಿ ಮಾತಾಡಿದಳು. ಆ ಹುಡುಗ ಹೆಂಡತಿಯ ಮುಖ ನೋಡಿ, "ಬದಲಾಯಿಸ್ಕೊಳ್ಳೋಣ, ನಮಗೇನೂ ತೊಂದರೆ ಇಲ್ಲ," ಅಂದ. ತೊಂದರೆ ಇತ್ತು, ಆದರೂ ಅಂದ.

"ಬೇಡ," ಅಂದ ಆಲ್ಪೋ. "ಮಕ್ಕಳ ಸ್ನಾನ ಕಿತ್ಕೊಳ್ಳೋಕೆ ನಾನೇನು ಕಳ್ಳನಾ?"

"ಹಾಗಾದ್ರೆ ಶುಕ್ರವಾರ ನೋಡೋಣ್ವಾ? ಅಮ್ಮ ಗುರುವಾರ ಬಿಟ್ರೆ—"

"ಅಮ್ಮ ಯಾಕೆ ಬಿಡ್ಬೇಕು? ಅವಳನ್ನ ಕೇಳಿದಾರೆ, ಅವಳು ಹೇಳಿದಾಳೆ."

ಟೂಲಿಗೆ ರೇಗಿತು. "ಇಡೀ ದಿನ ಮುದುಕರ ಕಾಲುಚೀಲ ಎಳೆದು ಬರ್ತೀನಿ. ಮನೆಗೆ ಬಂದ್ರೆ ಇಲ್ಲಿ ಇನ್ನೆರಡು. ಆ ಫೋನನ್ನ ನಾನು ಕೊಡಬಾರದಿತ್ತು."

"ಫೋನನ್ನ ಬಯ್ಯಬೇಡ," ಅಂದಳು ಸಿರ್ಕಾ ಅಡುಗೆಮನೆಯಿಂದ. "ಅದು ಕೇಳಿದ್ದು ಬಿಟ್ರೆ ಬೇರೇನೂ ಮಾಡಿಲ್ಲ."

ವಾರಗಳು ಹೋದವು. ಆಲ್ಪೋ ಪತ್ರಿಕೆ ಗಟ್ಟಿಯಾಗಿ ಓದುವುದನ್ನು ಬಿಟ್ಟ. ಶನಿವಾರ ಆರಕ್ಕೆ ಮನೆಯ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಬಿಸಿನೀರು ಬಿಟ್ಟುಕೊಂಡು ನಿಲ್ಲುತ್ತಿದ್ದ. ಗೋಡೆಗಳು ತೆಳು, ನಮ್ಮ ಕಟ್ಟಡದಲ್ಲಿ ಆ ನೀರಿನ ಸದ್ದು ಎಲ್ಲರಿಗೂ ಗೊತ್ತಾಯಿತು. ಒಂದು ಸಲ ಪಿಹ್ಲಾ, "ತಾತ, ಆ ಮೇಸ್ತ್ರಿ ಕಥೆ ನಂಗೆ ಹೇಳು," ಅಂದಳು. ಅವನು, "ಅದು ಹಬೇಲಿ ಹೇಳೋ ಕಥೆ," ಅಂದ.

ಗುರುವಾರ ಸಿರ್ಕಾ ಒಬ್ಬಳೇ ಹೋಗುತ್ತಿದ್ದಳು. ಟೂಲಿಗೆ ಸಂಜೆ ಪಾಳಿ, ಪಿಹ್ಲಾಗೆ ನೃತ್ಯದ ಕ್ಲಾಸು. ಮೊದಲೆರಡು ಗುರುವಾರ ಬಟಾಣಿ ಸಾರನ್ನು ಮಧ್ಯಾಹ್ನವೇ ಮಾಡಿ ಒಲೆಯ ಮೇಲೆ ಬಿಟ್ಟು ಏನೂ ಹೇಳದೆ ಹೋದಳು. ನವೆಂಬರಿನಲ್ಲಿ ಕತ್ತಲು ಬೇಗ ಬೀಳತೊಡಗಿದ ಮೇಲೆ ಒಂದು ದಿನ ಅವಳು ಟವೆಲು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು.

"ಬರ್ತೀಯಾ ಆಲ್ಪೋ?"

ಅವನು ಕಿಟಕಿಯಿಂದ ತಿರುಗಲಿಲ್ಲ.

"ಮೇಲಿನ ಹಲಗೆ ನಿನಗೇ. ನೀರು ಮಾತ್ರ ನಾನು ಹಾಕ್ತೀನಿ."

"ಇನ್ನೊಬ್ಬರ ಸರದಿಗೆ ನಾನು ನುಗ್ಗೋನಲ್ಲ," ಅಂದ ಆಲ್ಪೋ.

ಅವಳು ಬಾಗಿಲು ಎಳೆದುಕೊಂಡು ಇಳಿದು ಹೋದಳು.

ಸೌನಾ ಹದವಾಗಿ ಕಾದಿತ್ತು, ಅವಳಿಗೆ ಬೇಕಾದಷ್ಟೇ. ಬಂದವಳು ಅಭ್ಯಾಸ ಬಲದಿಂದ ಕೆಳಗಿನ ಹಲಗೆಯಲ್ಲಿ ಕೂತಳು. ಮೇಲೆ ಯಾರೂ ಇಲ್ಲ ಅನ್ನುವುದು ಪ್ರತಿ ಗುರುವಾರವೂ ಒಂದೆರಡು ನಿಮಿಷ ಬಿಟ್ಟು ನೆನಪಾಗುತ್ತಿತ್ತು. ಹತ್ತಿ ಮೇಲೆ ಕೂತಳು, ಕಲ್ಲಿನ ಪಕ್ಕದ ಆಲ್ಪೋನ ಮೂಲೆಯನ್ನು ಮಾತ್ರ ಬಿಟ್ಟು. ಅರ್ಧ ಸೌಟು ನೀರು ಹಾಕಿದಳು. ಕಲ್ಲು ಮೆತ್ತಗೆ ಉಸಿರು ಬಿಟ್ಟಿತು. ಹಬೆ ಬಂದು ಭುಜದ ಮೇಲೆ ಕೂತಿತು. ಶಾಲೆ ಅಡುಗೆಮನೆಯ ಕಥೆಗಳು ಅವಳಲ್ಲಿ ಬೇಕಾದಷ್ಟಿದ್ದವು. ಒಂದನ್ನು ಮನಸ್ಸಲ್ಲೇ ಶುರು ಮಾಡಿದಳು. ಹಂಡೆ ಬಿದ್ದ ದಿನದ್ದು. ಎದುರಿಗೆ ಹೂಂಗುಟ್ಟುವವರಿಲ್ಲದೆ ಅದು ಅರ್ಧಕ್ಕೇ ನಿಂತಿತು.

ಮೇಲೆ ಬಂದಾಗ ಆಲ್ಪೋ ಊಟ ಮುಗಿಸಿದ್ದ. ತನ್ನ ತಟ್ಟೆ, ತನ್ನ ಚಮಚ ತೊಳೆದು ಬೋರಲು ಹಾಕಿದ್ದ. ಸಾರಿನ ಪಾತ್ರೆಯನ್ನು ಮುಚ್ಚದೆ ಹಾಗೇ ಬಿಟ್ಟಿದ್ದ. ಮೇಲೆ ಕೆನೆ ಕಟ್ಟಿತ್ತು. ಅವನು ಮೇಜಿನ ಹತ್ತಿರವೇ ಕೂತು ಎದೆ ಜೇಬಿನ ಫೋನನ್ನು ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಿದ್ದ.

ಸಿರ್ಕಾ ಟವೆಲಲ್ಲಿ ಕೂದಲು ಕಟ್ಟಿಕೊಂಡು ನಿಂತಳು. ಮುಖ ಕೆಂಪಾಗಿತ್ತು, ಕೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಮೆಟ್ಟಿಲಲ್ಲಿ ಎದುರಾದ ಅಪರಿಚಿತರೂ ಕೇಳುವ ಆ ಒಂದು ಮಾತಿಗೆ ಕಾದಳು. ಆಲ್ಪೋ ಗುಂಡಿಗಳನ್ನು ಒಂದೊಂದಾಗಿ ಒರೆಸಿದ. ನಡುವಿನದನ್ನು ಎರಡು ಸಲ ಒರೆಸಿ, ಎದ್ದು, ಟಿವಿ ಕೋಣೆಗೆ ಹೋದ.

ಮೇಜಿನ ಮೇಲಿದ್ದ ಅವಳ ಫೋನು ಟಿಣ್ ಅಂದಿತು. ಪರದೆಯ ಮೇಲೆ ಸೌನಾ ಆ್ಯಪ್‌ನ ಹಸಿರು ಚೌಕ, ಅದರ ಕೆಳಗೆ ಐದು ಖಾಲಿ ನಕ್ಷತ್ರ.

"ಸಿರ್ಕಾ, ಇವತ್ತಿನ ಹಬೆ ಹೇಗಿತ್ತು?"

ಅವಳು ಬಗ್ಗಿ ಹೆಬ್ಬೆರಳಿಂದ ಒತ್ತಿದಳು. ನಕ್ಷತ್ರ ತುಂಬಲಿಲ್ಲ. ಇನ್ನೊಂದು ಸಲ ಒತ್ತಿದಳು. ಒದ್ದೆ ಬೆರಳು, ಗಾಜು ಮಾತು ಕೇಳಲಿಲ್ಲ.